ನೀರಿನ ಹುಳ ಎಣಿಸುತ್ತಿದ್ದ ನಮ್ಮ ಸರ್

ಹೋದ ತಿಂಗಳು ಮಾನ್ವಿಯಲ್ಲಿ ದೂರದ ನೆಂಟರ ಮನೆಗೆ ಹೋಗಿದ್ದೆ. ಕೈ ತೊಳೆಯಲು ಹಿತ್ತಲಿಗೆ ಹೋದಾಗ ನಲ್ಲಿಯ ಬಾಯಿಗೆ ಬಿಳಿ ಬಟ್ಟೆ ಕಟ್ಟಿದ್ದು ಕಂಡಿತು. ಎರಡು ಪದರು ಮಡಚಿ, ದಾರ ಸುತ್ತಿ ಬಿಗಿದಿದ್ದರು. ಸದಾ ಒದ್ದೆಯಿರುವ ಬಟ್ಟೆಯ ಆ ಮುಗ್ಗಲು ವಾಸನೆ ಮೂಗಿಗೆ ಬಡಿಯಿತು.

"ಇದನ್ಯಾಕ ಕಟ್ಟಿ?" ಎಂದು ಆ ಮನೆಯ ಸೊಸೆಯನ್ನು ಕೇಳಿದೆ.

"ನಮ್ಮತ್ತಿ ಕಟ್ತಿದ್ರು. ನಾನೂ ಕಟ್ತೀನ್ರಿ" ಎಂದಳು.

ಅವಳ ಅತ್ತೆಗೆ ಯಾರು ಹೇಳಿಕೊಟ್ಟಿದ್ದರೋ ಗೊತ್ತಿಲ್ಲ. ನನಗೆ ಮಾತ್ರ ಆ ಬಟ್ಟೆ ನೋಡುತ್ತ ನಿಂತಲ್ಲೇ ಸರ್ ನೆನಪಾದರು...

ಸರ್ ನನಗೆ ರಾಯಚೂರಿನ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸಿದವರು. ಎಪ್ಪತ್ತರ ದಶಕದ ಮಾತು. ತೆಳ್ಳಗಿನ ಮೈ, ಎಂಥ ಬಿಸಿಲಿನಲ್ಲೂ ಮಡಚದ ತುಂಬುತೋಳಿನ ಅಂಗಿ, ಸಣ್ಣ ದನಿ. ಕಪ್ಪೆ ಕೊಯ್ಯುವ ದಿನ ನಾವು ಹುಡುಗಿಯರು ಮೂಗು ಮುಚ್ಚಿಕೊಂಡು ನಗುತ್ತಿದ್ದರೆ, "ಅದರ ಜೀವಾ ತಗೊಂಡೀವಿ. ಈಗ ಕಲೀಲಿಲ್ಲಂದ್ರ ಅದಕ್ಕ ಮೋಸ ಮಾಡಿದಂಗ" ಎನ್ನುತ್ತಿದ್ದರು. ಅಷ್ಟೇ. ಮತ್ತೆ ಯಾರೂ ನಗುತ್ತಿರಲಿಲ್ಲ. ಬಿಡುವಿದ್ದಾಗ ಅವರು ಮಾವಿನಕೆರೆಯ ನೀರನ್ನು ಬಾಟಲಿಯಲ್ಲಿ ತಂದು ಸೂಕ್ಷ್ಮದರ್ಶಕದ ಕೆಳಗಿಟ್ಟುಕೊಂಡು ಕೂತಿರುತ್ತಿದ್ದರು. ಅದರಲ್ಲಿ ಕಣ್ಣಿಗೆ ಕಂಡೂ ಕಾಣದಂಥ ಒಂದು ಪ್ರಾಣಿ, ಸಾಸಿವೆಗಿಂತ ಸಣ್ಣದು, ತಲೆಯಲ್ಲಿ ಒಂದೇ ಕಣ್ಣು. ಸೈಕ್ಲಾಪ್ಸ್ ಅಂತ ಅದರ ಹೆಸರು. ಸರ್ ಅದರ ಜಾತಿಗಳನ್ನು ಗುರುತಿಸುವುದರಲ್ಲೇ ವರ್ಷಗಳನ್ನು ಕಳೆದಿದ್ದರು. ಹುಡುಗರು ಅವರಿಗೆ ಹುಳದ ಸರ್ ಎಂದು ಹೆಸರಿಟ್ಟಿದ್ದರು. ಅದರಿಂದ ಏನು ಉಪಯೋಗ ಎಂದು ಜೊತೆಯ ಅಧ್ಯಾಪಕರೂ ಕೇಳುತ್ತಿದ್ದರು. ಸರ್ ಬಳಿ ಅದಕ್ಕೆ ಉತ್ತರವಿರಲಿಲ್ಲ, ಅದರ ಬಗ್ಗೆ ಅವರಿಗೆ ನಾಚಿಕೆಯೂ ಇರಲಿಲ್ಲ.

ಉಪಯೋಗ ಏನೆಂದು ನನಗೆ ತಿಳಿದದ್ದು ಡಾಕ್ಟರಾಗಿ ಬಂದ ಮೇಲೆ.

ಎಂಬತ್ತರ ದಶಕದ ಮೊದಲಲ್ಲಿ ನನಗೆ ದೇವದುರ್ಗ ತಾಲೂಕಿನಲ್ಲಿ, ಗೂಗಲ್ ಎಂಬ ಊರಿನ ಕಡೆಯ ಒಂದು ಸಣ್ಣ ಆಸ್ಪತ್ರೆಗೆ ಕೆಲಸವಾಯಿತು. ಕೃಷ್ಣೆ ಹತ್ತಿರವೇ ಹರಿಯುತ್ತಿದ್ದರೂ ಸುತ್ತಲಿನ ಹಳ್ಳಿಗಳಿಗೆ ಕುಡಿಯಲು ಮೆಟ್ಟಿಲು ಬಾವಿಯ ನೀರೇ ಗತಿ. ಬೇಸಿಗೆ ಬಂತೆಂದರೆ ನನ್ನ ಮುಂದೆ ಕುಂಟುವವರ ಸಾಲು ನಿಲ್ಲುತ್ತಿತ್ತು. ನಾರು ಹುಣ್ಣು. ಪಾದದಲ್ಲೋ ಮೊಣಕಾಲ ಕೆಳಗೋ ಉರಿಯುವ ಬೊಬ್ಬೆ ಏಳುವುದು, ಅದು ಒಡೆದು ಒಳಗಿನಿಂದ ಬಿಳಿ ದಾರದಂಥ ಹುಳು ತಲೆ ಹಾಕುವುದು. ಮೊಳಕ್ಕಿಂತ ಉದ್ದದ ಹುಳು. ಎಳೆದರೆ ಹರಿಯುತ್ತದೆ, ಹರಿದರೆ ಕಾಲು ಕೀವಾಗುತ್ತದೆ. ಜನ ಅದನ್ನು ಕಡ್ಡಿಗೆ ಸುತ್ತಿ ದಿನಕ್ಕೆ ಸ್ವಲ್ಪ ಸ್ವಲ್ಪವಾಗಿ ಹೊರಗೆ ತೆಗೆಯುತ್ತಿದ್ದರು. ಅಷ್ಟು ಓದಿ ಬಂದ ನಾನೂ ಅದನ್ನೇ ಮಾಡುತ್ತಿದ್ದೆ. ಬೇರೆ ಔಷಧವಿರಲಿಲ್ಲ.

ಕುರಿ ಕಾಯುವ ಮನೆಯ ಒಬ್ಬ ಹೆಣ್ಣುಮಗಳು ನನಗೆ ಚೆನ್ನಾಗಿ ನೆನಪಿದ್ದಾಳೆ. ಕಂಕುಳಲ್ಲಿ ಹಾಲು ಕುಡಿಯುವ ಕೂಸು, ಕೈಯಲ್ಲಿ ಊರುಗೋಲು. ಎರಡನೆಯ ಬೇಸಿಗೆಯೂ ಬಂದಳು. ನಾನು ಕಾಲಿನ ಪಟ್ಟಿ ಬಿಚ್ಚುತ್ತಿದ್ದಾಗ ಹೇಳಿದಳು: "ಹ್ವಾದ ವರ್ಷ ಈ ಕಾಲು, ಈ ವರ್ಷ ಆ ಕಾಲು. ಇನ್ನ ಮುಂದಿನ ವರ್ಷಕ್ಕ ಎಲ್ಲಿಂದ ಕಾಲು ತರ್ಲಿ ಯವ್ವಾ?"

ಅವಳು ನಗುತ್ತಲೇ ಹೇಳಿದಳು.

ಈ ಹುಳು ಹರಡುವುದು ನೀರಿನಿಂದ ಎಂದು ಪುಸ್ತಕದಲ್ಲಿ ಓದಿದ್ದೆ. ಹುಣ್ಣಿನ ಕಾಲು ನೀರಿಗಿಟ್ಟಾಗ ಹುಳು ಮರಿ ಬಿಡುತ್ತದೆ. ಆ ಮರಿಗಳನ್ನು ಸೈಕ್ಲಾಪ್ಸ್ ತಿನ್ನುತ್ತದೆ. ಆ ನೀರು ಕುಡಿದವರಿಗೆ ಮುಂದಿನ ವರ್ಷ ಹುಣ್ಣು. ಸೈಕ್ಲಾಪ್ಸ್ ಕೊಲ್ಲುವ ಔಷಧವೂ ನಮಗೆ ಬರುತ್ತಿತ್ತು, ಮಳೆಗಾಲದಲ್ಲಿ ಬಾವಿಗೆ ಹಾಕಬೇಕೆಂದು ಮೇಲಿನಿಂದ ಆದೇಶವೂ ಇತ್ತು. ನಾವು ತಪ್ಪದೆ ಹಾಕುತ್ತಿದ್ದೆವು. ಬೇಸಿಗೆಗೆ ಅಷ್ಟೇ ಜನ ಕುಂಟುತ್ತ ಬರುತ್ತಿದ್ದರು.

ರಜೆ ಹಾಕಿ ರಾಯಚೂರಿಗೆ ಹೋದೆ. ಹಳೇ ಓಣಿಯಲ್ಲಿ ಸರ್ ಮನೆ. ಅವರ ಮನೆಯವರು ಪ್ರಾಥಮಿಕ ಶಾಲೆಯಲ್ಲಿ ಟೀಚರು. "ಬಾ ಯವ್ವಾ, ಅವರು ಒಳಗ ಹುಳ ನೋಡಾಕತ್ತಾರ" ಎಂದು ನಕ್ಕರು. ಒಳಗೆ ಮೇಜಿನ ಮೇಲೆ ಸೂಕ್ಷ್ಮದರ್ಶಕ, ಗೋಡೆಗೆ ಒರಗಿಸಿದ ಲಕೋಟೆಗಳ ರಾಶಿ. ಕರ್ನೂಲಿನ ಒಬ್ಬ ಅಧ್ಯಾಪಕರಿಂದ, ಜೋಧಪುರದ ಒಬ್ಬ ಸಂಶೋಧಕರಿಂದ, ಹೊರದೇಶದ ಯಾರಿಂದಲೋ. ಯಾರನ್ನೂ ಸರ್ ಕಣ್ಣಾರೆ ಕಂಡಿರಲಿಲ್ಲ. ಎಲ್ಲೋ ಅಚ್ಚಾದ ಒಂದು ಲೇಖನ ನೋಡಿ, ಅದರ ಪ್ರತಿ ಕಳಿಸಿಕೊಡಿ ಎಂದು ಕಾರ್ಡು ಬರೆಯುವುದು, ಅವರು ಕಳಿಸುವುದು, ಇವರು ಓದಿ ತಮಗೆ ಕಂಡದ್ದನ್ನು ಬರೆಯುವುದು. ಹೀಗೇ ಬೆಳೆದ ಪರಿಚಯ. ಝೆರಾಕ್ಸ್ ಇಲ್ಲದ ಕಾಲ. ಉದ್ದ ಲೇಖನಗಳನ್ನು ಸರ್ ಕೈಯಲ್ಲಿ ನಕಲು ಮಾಡಿ ಮತ್ತೊಬ್ಬರಿಗೆ ಕಳಿಸುತ್ತಿದ್ದರು.

ನಾನು ಎಲ್ಲ ಹೇಳಿದೆ. ಸರ್ ಒಂದೇ ಮಾತು ಕೇಳಿದರು.

"ಔಷಧ ಮಳಿಗಾಲದಾಗ ಹಾಕ್ತೀರಿ. ಆವಾಗ ಹುಳ ಜಾಸ್ತಿ ಇರ್ತಾವಂತ ಯಾರು ನೋಡ್ಯಾರ?"

ಯಾರೂ ನೋಡಿಲ್ಲ ಎಂದೆ.

"ನಾನೂ ನಿಮ್ಮ ಕಡಿ ಬಾವಿ ನೋಡಿಲ್ಲ" ಎಂದರು. "ನಿನಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಛಲೋನಾ ಆತು, ಕೂಡಿ ನೋಡೂಣು."

ಮುಂದಿನ ಭಾನುವಾರ ಸರ್ ದೇವದುರ್ಗದ ಬಸ್ಸಿಗೆ ಬಂದಿಳಿದರು. ಹೆಗಲಿಗೆ ಚೀಲ, ಕೈಯಲ್ಲಿ ಹೆಂಡತಿಯ ಹಳೆಯ ರೇಷ್ಮೆ ಸೀರೆಯ ತುಂಡಿನಿಂದ ಹೊಲಿದ ಶಂಕುವಿನಾಕಾರದ ಬಲೆ. ಆ ಹೆಣ್ಣುಮಗಳ ಊರಿಗೆ ಹೋದೆವು. ಬಾವಿ ದೊಡ್ಡದು, ಕಪ್ಪುಕಲ್ಲಿನ ಮೆಟ್ಟಿಲುಗಳು ತಳದ ತನಕ ಇಳಿದಿದ್ದವು. ಹೆಂಗಸರು ಮೊಣಕಾಲ ತನಕ ನೀರಿಗಿಳಿದು ಕೊಡ ತುಂಬುತ್ತಿದ್ದರು. ಸರ್ ಚಪ್ಪಲಿ ಕಳಚಿ ಮೊದಲ ಮೆಟ್ಟಿಲಿಗೆ ಕಾಲಿಡುವುದಕ್ಕೂ, ಅಲ್ಲಿಯೇ ಕಟ್ಟೆಯ ಮೇಲೆ ಕೂತಿದ್ದ ಊರ ಹಿರಿಯರೊಬ್ಬರು ಮಾತಾಡಿಸುವುದಕ್ಕೂ ಸರಿಹೋಯಿತು.

"ಸಾಹೇಬ್ರದು ಯಾವೂರು?"

"ಮಾನ್ವಿ ಕಡಿ. ಮಲ್ಲಟದ ಹತ್ರ ಸಣ್ಣ ಹಳ್ಳಿರೀ."

"ಅಲ್ಲಿ ಯಾರ ಪೈಕಿ?"

ಸರ್ ಹೇಳಿದರು. ಊರ ಹೊರಗಿನ ಕೇರಿಯವರೆಂದು, ದನಿ ಏರಿಸದೆ, ಇಳಿಸದೆ, ನೇರವಾಗಿ ಹೇಳಿದರು.

"ಹಂಗಾದ್ರ ಮ್ಯಾಲ ಕುಂದರ್ರಿ ಸಾಹೇಬ್ರ. ನಿಮಗ ಎಷ್ಟು ನೀರು ಬೇಕು ಹೇಳ್ರಿ, ನಮ್ಮವರು ತಂದು ಕೊಡ್ತಾರ."

ನನಗೆ ಮುಖ ಉರಿಯಿತು. ಇವರು ನನ್ನ ಗುರುಗಳು ಎಂದು ಏನೇನೋ ಹೇಳಲು ಹೊರಟೆ. ಸರ್ ಕೈಸನ್ನೆ ಮಾಡಿ ತಡೆದರು. ಚಪ್ಪಲಿ ಮತ್ತೆ ಮೆಟ್ಟಿಕೊಂಡು ಬಾವಿಯ ಎದುರು ದಡಕ್ಕೆ, ಮೆಟ್ಟಿಲಿಲ್ಲದ ಕಡೆಗೆ ಸುತ್ತಿ ಬಂದರು. ಬಲೆಗೆ ಹಗ್ಗ ಕಟ್ಟಿ ಮೇಲಿನಿಂದಲೇ ಇಳಿಬಿಟ್ಟರು. ಹಗ್ಗ ಎಳೆದು ಬಾಟಲಿಗೆ ನೀರು ಹಿಂಡುತ್ತ ಆ ಹಿರಿಯರಿಗೆ ಕೇಳುವಂತೆ ಹೇಳಿದರು:

"ನೀವು ನನಗ ಇಳೀಬ್ಯಾಡ ಅಂದ್ರಿ. ಭಾಳ ಛಲೋ ಮಾತು. ನಾನಷ್ಟಾ ಅಲ್ಲರೀ ಯಪ್ಪಾ, ಈ ಬಾವ್ಯಾಗ ಯಾರೂ ಇಳೀಬಾರ್ದು. ಅದಾ ಈ ರೋಗಕ್ಕ ಔಷಧ."

ನೀರಿನಲ್ಲಿ ನಿಂತಿದ್ದ ಹೆಂಗಸರು ತಲೆ ಎತ್ತಿ ನೋಡಿದರು.

ಹೊರಡುವಾಗ ಬಸ್ ನಿಲ್ದಾಣದಲ್ಲಿ ಸರ್ ಪ್ಯಾಂಟಿನ ಅಂಚು ಮೇಲೆತ್ತಿ ತೋರಿಸಿದರು. ಕಣಕಾಲ ಹತ್ತಿರ ಒಣಗಿದ ಹಳೆಯ ಕಲೆ. ಚಿಕ್ಕಂದಿನಲ್ಲಿ ಅವರಿಗೂ ನಾರು ಆಗಿತ್ತಂತೆ. ಅವರ ತಾಯಿ ಬಾವಿಯ ಮೇಲೆ ಕೊಡ ಇಟ್ಟುಕೊಂಡು, ಇಳಿದವರು ಯಾರಾದರೂ ಸುರಿದು ಹೋಗಲಿ ಎಂದು ಕಾಯುತ್ತಿದ್ದರಂತೆ. "ನಮ್ಮವ್ವ ಒಂದಿನಾನೂ ನೀರಿಗೆ ಕಾಲಿಟ್ಟಾಕಿ ಅಲ್ಲ. ಆದ್ರ ರೋಗ ನಮ್ಮ ಮನಿಗೂ ಬಂತು ನೋಡು" ಎಂದರು. ಆಮೇಲೆ ಬಸ್ಸು ಬಂತು...

ಆ ವರ್ಷ ಪೂರ್ತಿ ನಾನು ಬಾವಿಗಳ ನೀರನ್ನು ರಾಯಚೂರಿಗೆ ಕಳಿಸಿದೆ. ಸರ್ ಹೊಲಿದುಕೊಟ್ಟ ಬಲೆಯಿಂದ ಸೋಸಿ, ಹುಳಗಳು ಕೆಡದಂತೆ ಸ್ಪಿರಿಟ್ ಬೆರೆಸಿ, ಸಣ್ಣ ಬಾಟಲಿಗಳಲ್ಲಿ ತುಂಬಿ ಬಸ್ ಕಂಡಕ್ಟರನ ಕೈಗೆ ಕೊಡುತ್ತಿದ್ದೆ. ಆತ ಮೊದಲ ದಿನ ಮೂಸಿ ನೋಡಿ ಅನುಮಾನಪಟ್ಟ.

"ಇದರಾಗ ಏನದ ಡಾಕ್ಟ್ರಮ್ಮ?"

"ನೀರಿನ ಹುಳ."

"ಹುಳಕ್ಕೂ ಟಿಕೇಟ್ ತಗೀಬೇಕಾಗ್ತದಲ್ರೀ ಮತ್ತ" ಎಂದ. ಆದರೆ ಒಂದು ಬಾಟಲಿಯನ್ನೂ ಒಡೆಯದೆ ಸರ್ ಮನೆಯ ತನಕ ಮುಟ್ಟಿಸಿದ.

ಸರ್ ಎಣಿಸುತ್ತಿದ್ದರು. ನಾನು ಯಾವ ತಿಂಗಳು ಎಷ್ಟು ಜನ ಹೊಸದಾಗಿ ಕುಂಟುತ್ತ ಬಂದರು ಎಂದು ಬರೆದು ಕಳಿಸುತ್ತಿದ್ದೆ. ಎರಡನ್ನೂ ಸೇರಿಸಿ, ಕಾರ್ಬನ್ ಹಾಳೆ ಇಟ್ಟು ಪ್ರತಿ ತೆಗೆದು, ಸರ್ ಒಂದನ್ನು ಕರ್ನೂಲಿಗೆ, ಒಂದನ್ನು ಜೋಧಪುರಕ್ಕೆ ಅಂಚೆಗೆ ಹಾಕುತ್ತಿದ್ದರು. ಅವರೂ ತಮ್ಮ ಕಡೆಯ ಬಾವಿ, ಕುಂಟೆಗಳ ಲೆಕ್ಕ ಕಳಿಸುತ್ತಿದ್ದರು. ಕಾಲೇಜಿನ ಗೆಳೆಯರು ಸರ್‌ಗೆ ಬುದ್ಧಿ ಹೇಳಿದರು. ಅಚ್ಚಾಗುವ ಮೊದಲೇ ಹೀಗೆ ಹಂಚಿದರೆ ನಾಳೆ ಮತ್ತೊಬ್ಬರು ತಮ್ಮ ಹೆಸರು ಹಾಕಿಕೊಳ್ಳುತ್ತಾರೆ, ಎಚ್ಚರ ಎಂದರು. ಸರ್ ಹೂಂ ಎಂದು ಕೇಳಿಸಿಕೊಂಡು, ಸಂಜೆ ಮತ್ತೆ ಅಂಚೆ ಕಚೇರಿಗೆ ಹೋದರು.

ಬೇಸಿಗೆ ಕೊನೆಗೆ ಮೂರೂ ಕಡೆಯ ಲೆಕ್ಕ ಪಕ್ಕಪಕ್ಕ ಇಟ್ಟಾಗ ವಿಷಯ ತಾನಾಗಿ ಕಾಣಿಸಿತು. ನಮ್ಮಲ್ಲಿ ಬೇಸಿಗೆಯಲ್ಲಿ ಬಾವಿಯ ನೀರು ತಳ ಹಿಡಿದಾಗ ಹುಳಗಳು ಒತ್ತೊತ್ತಾಗಿ ತುಂಬುತ್ತಿದ್ದವು. ಜನ ಕೊನೆಯ ಮೆಟ್ಟಿಲ ತನಕ ಇಳಿಯುವುದೂ ಆಗಲೇ, ಹುಣ್ಣು ಒಡೆಯುವುದೂ ಆಗಲೇ. ಮಳೆಗಾಲದಲ್ಲಿ ಬಾವಿ ತುಂಬಿದರೆ ಹುಳ ಹುಡುಕಿದರೂ ಸಿಗುತ್ತಿರಲಿಲ್ಲ. ಕರ್ನೂಲಿನದೂ ಇದೇ ಕಥೆ. ಜೋಧಪುರದಲ್ಲಿ ಮಾತ್ರ ಉಲ್ಟಾ. ಅಲ್ಲಿ ಮಳೆ ಬಿದ್ದು ಕುಂಟೆಗಳು ತುಂಬಿದ ಮೇಲೆ ಜನ ಆ ನೀರು ಕುಡಿಯುತ್ತಿದ್ದರು, ರೋಗ ಹರಡುವುದೂ ಆಗಲೇ. ಆ ಕಡೆಯ ಹಂಗಾಮು ನೋಡಿ ಬರೆದ ಆದೇಶವನ್ನು ಇಡೀ ದೇಶಕ್ಕೆ ಕಳಿಸಿದ್ದರು. ಜೋಧಪುರದವರ ಲೆಕ್ಕ ನೋಡದಿದ್ದರೆ ನಮ್ಮ ತಪ್ಪು ಎಲ್ಲಿದೆ ಎಂದು ನಮಗೂ ತಿಳಿಯುತ್ತಿರಲಿಲ್ಲ.

ದೆಹಲಿಯಲ್ಲಿ ಈ ರೋಗದ ಬಗ್ಗೆ ಒಂದು ಸಭೆ ಸೇರಿತು. ಸರ್‌ಗೆ ಕರೆ ಬರಲಿಲ್ಲ. ಜೋಧಪುರದವರು ಹೋಗಿ, ತಮ್ಮ ಲೆಕ್ಕದ ಜೊತೆ ರಾಯಚೂರಿನದನ್ನೂ ಕರ್ನೂಲಿನದನ್ನೂ ಓದಿ ಹೇಳಿದರು. ಮರುವರ್ಷ ನಮಗೆ ಹೊಸ ಆದೇಶ ಬಂತು. ಆಯಾ ಕಡೆಯ ಹಂಗಾಮು ನೋಡಿ ಔಷಧ ಹಾಕಬೇಕು, ಕುಡಿಯುವ ನೀರನ್ನು ಎರಡು ಪದರು ಬಟ್ಟೆಯಲ್ಲಿ ಸೋಸಲು ಮನೆಮನೆಗೆ ಹೇಳಿಕೊಡಬೇಕು, ಮೆಟ್ಟಿಲು ಬಾವಿಗಳಿಗೆ ಗೋಡೆ ಕಟ್ಟಿ ಸೇದುವ ಬಾವಿ ಮಾಡಬೇಕು ಎಂದು. ನಾನು ಕುಣಿದಾಡುವಷ್ಟು ಖುಷಿಯಲ್ಲಿ ರಾಯಚೂರಿಗೆ ಹೋದೆ. ಸರ್ ಮೇಜಿನ ಮೇಲೆ ಸಭೆಯ ವರದಿಯ ಪುಸ್ತಕ ಇತ್ತು. ಅದರಲ್ಲಿ ರಾಯಚೂರಿನ ಅಂಕಿಗಳೆಲ್ಲ ಇದ್ದವು, ಸರ್ ಹೆಸರು ಇರಲಿಲ್ಲ. ಕರ್ನೂಲಿನವರದೂ ಇರಲಿಲ್ಲ. ಸ್ಥಳೀಯರ ನೆರವಿನಿಂದ ಎಂದು ಒಂದು ಸಾಲು, ಅಷ್ಟೇ. ಜೋಧಪುರದವರು ಸಿಟ್ಟಾಗಿ ವರದಿ ಅಚ್ಚು ಮಾಡಿಸಿದವರಿಗೆ ಉದ್ದ ಪತ್ರ ಬರೆದಿದ್ದರಂತೆ. ಉತ್ತರ ಬಂದಿರಲಿಲ್ಲ.

"ನೋವಾಗಿಲ್ಲ ಅಂದ್ರ ಸುಳ್ಳಾಗ್ತದ ಡಾಕ್ಟರವ್ವಾ" ಎಂದರು ಸರ್. ಕನ್ನಡಕ ತೆಗೆದು ಒರೆಸಿದರು, ಬಹಳ ಹೊತ್ತು ಒರೆಸಿದರು. ಒಳಗಿನಿಂದ ಅವರ ಮನೆಯವರು, "ಇನ್ನ ಮ್ಯಾಲ ಯಾರಿಗೂ ಕಳಿಸಬ್ಯಾಡ್ರಿ ಅಂತ ಹೇಳು ಯವ್ವಾ, ನೀನಾರ ಹೇಳು" ಎಂದರು. ನಾನೂ ಅದನ್ನೇ ಹೇಳಿದೆ. ಸರ್ ಕನ್ನಡಕ ಹಾಕಿಕೊಂಡರು.

"ಅವರು ಹೆಸರು ಬಿಟ್ರು. ನಾವು ಅಂಕಿ ಬಿಟ್ರ ಯಾರಿಗೆ ಲುಕ್ಸಾನು? ನಿನ್ನ ಹತ್ರ ಕುಂಟಿಕೋತ ಬರ್ತಾರಲ್ಲ, ಅವರಿಗೆ."

ಆ ತಿಂಗಳ ಲೆಕ್ಕವೂ ಎಂದಿನಂತೆ ಎರಡು ಲಕೋಟೆಗಳಲ್ಲಿ ಹೋಯಿತು. ಅಂಚೆ ಕಚೇರಿಯ ತನಕ ನಾನೂ ಜೊತೆಗೆ ನಡೆದೆ.

ಬಾವಿಗೆ ಗೋಡೆ ಕಟ್ಟುವುದು ಸುಲಭವಾಗಲಿಲ್ಲ. ಇಳಿದು ತುಂಬಿಕೊಳ್ಳುವುದು ಬಿಟ್ಟು ಹಗ್ಗ ಜಗ್ಗುವವರು ಯಾರು ಎಂದು ಹೆಂಗಸರೇ ಮುನಿದರು. ಆಗ ಮುಂದೆ ಬಂದವಳು ಆ ಕುರಿ ಕಾಯುವ ಹೆಣ್ಣುಮಗಳು. ಕಟ್ಟೆಯ ಮೇಲೆ ನಿಂತು ಎರಡೂ ಕಾಲಿನ ಕಲೆ ತೋರಿಸಿ, "ಕೈ ನೋಯ್ತಾವಂತ ಅಂತೀರಲ್ಲ, ಕಾಲು ಯಾರು ಕೊಡ್ತೀರಿ ನನಗ?" ಎಂದು ಕೇಳಿದಳು. ಮೇಲೆ ಕೂತಿದ್ದ ಆ ಹಿರಿಯರು ಗೋಡೆಯ ವಿಷಯಕ್ಕೆ ಅಂದು ಮೊದಲ ಸಲ ಬಾಯಿಬಿಟ್ಟರು. "ಕಟ್ರಿ. ಆ ಮಾಸ್ತರ ಅವತ್ತಾ ಹೇಳ್ಯಾರ" ಎಂದರು.

ಗೋಡೆ ಎದ್ದಿತು, ನಾಲ್ಕು ಕಡೆ ರಾಟಿ ಬಂದವು. ಸರ್ ನೋಡಲು ಬಂದಾಗ ಕೇರಿಯ ಹೆಂಗಸರು ಒಂದು ಮೂಲೆಯ ರಾಟಿಯಲ್ಲಿ ನೀರು ಸೇದುತ್ತಿದ್ದರು. ಆ ರಾಟಿ ಅವರಿಗೇ ಬೇರೆ, ಉಳಿದವರು ಅದನ್ನು ಮುಟ್ಟುತ್ತಿರಲಿಲ್ಲ. ಸರ್ ಅದನ್ನು ನೋಡಿದರು. "ಕಾಯೋದಾರ ತಪ್ಪಿತು" ಎಂದರು. ಮುಖದಲ್ಲಿ ಸಂತೋಷವೂ ಇತ್ತು, ಮತ್ತೇನೋ ಇತ್ತು.

ಎರಡು ಬೇಸಿಗೆ ಕಳೆಯುವಷ್ಟರಲ್ಲಿ ಆ ಊರಿನಿಂದ ನನ್ನ ಬಳಿ ನಾರು ಹುಣ್ಣಿನವರು ಬರುವುದು ನಿಂತಿತು.

ಅದಾದ ಮೇಲೆ ಒಮ್ಮೆ ಜೋಧಪುರದವರು ಮದ್ರಾಸಿಗೆ ಹೋಗುವ ದಾರಿಯಲ್ಲಿ ರಾಯಚೂರಿನಲ್ಲಿ ಇಳಿಯುತ್ತೇನೆಂದು ಬರೆದರು. ಸರ್ ನನ್ನನ್ನೂ ಕರೆಸಿಕೊಂಡರು. ರೈಲು ನಿಲ್ದಾಣದಲ್ಲಿ ಸರ್ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಬಿಳಿ ಕೂದಲಿನ ಹಿರಿಯರೊಬ್ಬರನ್ನು ಹುಡುಕುತ್ತ ಡಬ್ಬಿಯಿಂದ ಡಬ್ಬಿಗೆ ಓಡಾಡಿದರು. ಹಿಂದಿನಿಂದ ಬಂದು ಅವರ ಕಾಲು ಮುಟ್ಟಿ ನಮಸ್ಕರಿಸಿದವರು ನನಗಿಂತ ಸ್ವಲ್ಪ ದೊಡ್ಡ ವಯಸ್ಸಿನ ಯುವಕ. ಅಷ್ಟು ವರ್ಷ ಇಬ್ಬರೂ ಒಬ್ಬರಿಗೊಬ್ಬರು ಗೌರವದಿಂದ ಬರೆಯುತ್ತ, ಎದುರಿನವರೇ ಮುದುಕರೆಂದು ತಿಳಿದಿದ್ದರು! ಮನೆಗೆ ಬಂದು ಕಾಲು ತೊಳೆದದ್ದೇ ತಡ, ಇಬ್ಬರೂ ಸೂಕ್ಷ್ಮದರ್ಶಕದ ಮುಂದೆ ಕೂತರು. ಅವರ ಹಿಂದಿ, ಇವರ ರಾಯಚೂರಿನ ದಖನಿ ಉರ್ದು. ಅರ್ಧ ಮಾತು ಬಾಯಲ್ಲಿ, ಅರ್ಧ ಕೈಯಲ್ಲಿ. ಒಳಗೆ ಸರ್ ಮನೆಯವರು ಬಿಸಿ ರೊಟ್ಟಿ ತಟ್ಟುತ್ತ, "ರೊಟ್ಟಿ ಆರ್ತಾವ ಬರ್ರಿ" ಎಂದು ಮೂರು ಸಲ ಕೂಗಿದರು. ಸರ್ ಅಷ್ಟು ಜೋರಾಗಿ ನಗುವುದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ, ಆಮೇಲೂ ಕೇಳಲಿಲ್ಲ...

ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ಸರ್ ತೀರಿಕೊಂಡರು. ಕಾಲೇಜಿನಿಂದ ಮನೆಗೆ ಬಂದವರು ಎದೆ ನೋವೆಂದು ಕೂತರಂತೆ, ಅಷ್ಟೇ. ನನಗೆ ಆಗ ಬೇರೆ ಜಿಲ್ಲೆಗೆ ವರ್ಗವಾಗಿತ್ತು. ಸುದ್ದಿ ತಲುಪುವ ಹೊತ್ತಿಗೆ ಮಣ್ಣು ಮಾಡಿ ಮುಗಿದಿತ್ತು. ಜೋಧಪುರಕ್ಕೂ ಕರ್ನೂಲಿಗೂ ನಾನೇ ತಿಳಿಸಿದೆ.

ಹಲವು ವರ್ಷಗಳ ಮೇಲೆ, ನಾರು ಹುಣ್ಣು ದೇಶದಲ್ಲೇ ಇಲ್ಲವಾಯಿತು ಎಂಬ ಸುದ್ದಿ ಬಂತು. ನಾನು ಬಸ್ಸು ಹತ್ತಿ ರಾಯಚೂರಿಗೆ, ಸರ್ ಮನೆಗೆ ಹೋದೆ. ಅವರ ಮನೆಯವರು ಸುದ್ದಿ ಕೇಳಿ ಎದ್ದು ಒಳಗೆ ಹೋದರು. ಆಮೇಲೆ ಚಹಾ ಮಾಡಿ ತಂದರು. "ಅವರಿದ್ದಿದ್ರ ಇವತ್ತು ಎರಡೂ ಕಡಿ ಕಾರ್ಡು ಬರೀತಿದ್ರು" ಎಂದರು. ಹಾಗಾದರೆ ನಾವೇ ಬರೆಯೋಣ ಎಂದೆ. ಇಬ್ಬರೂ ಕೂತು ಬರೆದೆವು. ಜೋಧಪುರದಿಂದ ಉತ್ತರ ಬಂತು. ಕರ್ನೂಲಿನ ಕಾರ್ಡು, ಈ ವಿಳಾಸದಲ್ಲಿ ಯಾರೂ ಇಲ್ಲ ಎಂಬ ಗುರುತು ಹೊತ್ತು ಹಿಂದಿರುಗಿತು.

ಈಗ ಸರ್ ಮನೆಯವರೂ ಇಲ್ಲ. ನಾನು ನಿವೃತ್ತಳಾಗಿ ಬಹಳ ಕಾಲವಾಯಿತು. ಆ ಕಡೆಯ ಮಕ್ಕಳಿಗೆ ನಾರು ಹುಣ್ಣು ಎಂಬ ಹೆಸರೇ ಗೊತ್ತಿಲ್ಲ. ಗೊತ್ತಿಲ್ಲದಿರುವುದೇ ಒಳ್ಳೆಯದು. ಆದರೆ ರೋಗದ ಜೊತೆ ಅದನ್ನು ಓಡಿಸಲು ದುಡಿದವರ ನೆನಪೂ ಹೋಗಿಬಿಡುತ್ತದಲ್ಲ ಎಂದು ಒಮ್ಮೊಮ್ಮೆ ಅನಿಸುತ್ತದೆ... ಇವತ್ತಿಗೂ ಓದುವಾಗ ಏನಾದರೂ ಹೊಸದು ಕಂಡರೆ, ಇದನ್ನು ಮೊದಲು ಯಾರಿಗೆ ಹೇಳಲಿ ಎಂದು ಮನಸ್ಸು ಹುಡುಕುತ್ತದೆ. ರಾಯಚೂರಿನ ಆ ಓಣಿಯ ವಿಳಾಸ ತಾನಾಗಿ ಬಾಯಿಗೆ ಬರುತ್ತದೆ. ಆ ಮನೆಯಲ್ಲಿ ಈಗ ಬೇರೆ ಯಾರೋ ಇದ್ದಾರೆ.